ಬೆಲ್ಟಕ್ಕನ ಸುಮ್ಮನಿರದ ಕೈ

ಕೂತಲ್ಲಿ ಕೂರುವ ಅಭ್ಯಾಸ ಬೆಲ್ಟಕ್ಕನಿಗೆ ಹುಟ್ಟಿದಾಗಿನಿಂದ ಇಲ್ಲ. ಯಾರ ಮನೆಗಾದರೂ ಹೋದರೆ ಗೋಡೆಯ ಮೇಲೆ ಓರೆಯಾದ ಪಟವನ್ನು ನೆಟ್ಟಗೆ ಮಾಡದೆ ಅವಳು ಕುರ್ಚಿ ಮುಟ್ಟುವವಳಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ರವಿಕೆಯಿಂದ ಇಣುಕುತ್ತಿದ್ದ ದಾರದ ತುದಿಯನ್ನು ಕೇಳದೆಯೇ ಕಿತ್ತು, ‘ಯಾರ್ರೀ ಅದು, ಬೆನ್ನಿಗೆ ಕೈ ಹಾಕಿದ್ದು?’ ಎಂದು ಬೈಸಿಕೊಂಡಿದ್ದೂ ಉಂಟು. ಗಂಡ ಬದುಕಿದ್ದಾಗ, ‘ನಿನ್ನ ಕೈ ಕಟ್ಟಿಹಾಕಿದ್ರೆ ಬಾಯೂ ನಿಂತ್ಹೋಗುತ್ತೆ ಕಣೆ, ಎರಡಕ್ಕೂ ಒಂದೇ ತಂತಿ’ ಎನ್ನುತ್ತಿದ್ದ. ಅವನು ಹೋಗಿ ಹತ್ತು ವರ್ಷವಾಯಿತು. ಕೈಯೂ ನಿಂತಿಲ್ಲ, ಬಾಯೂ ನಿಂತಿಲ್ಲ.

ಅಂಥ ಕೈಗೆ ತಕ್ಕ ಕೆಲಸವೇ ಸಿಕ್ಕಿತ್ತು ಅನ್ನಿ. ಮಕ್ಕಳ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರಿಗೂ ನಡುವೆ, ಒಂದು ಉದ್ದನೆಯ ಶೆಡ್ಡು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಮೂಳೆ ವಿಭಾಗಕ್ಕೆ ಬೇಕಾದ ಪಟ್ಟಿಗಳನ್ನು ಹೊಲಿಯುತ್ತಿದ್ದಳು, ಅದರಲ್ಲೂ ಹೆಚ್ಚಾಗಿ ಹಸುಗೂಸುಗಳ ಸೊಂಟದ ಬೆಲ್ಟು. ಕೆಲವು ಕೂಸುಗಳಿಗೆ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂತಿರುವುದಿಲ್ಲ. ನೋವಿಲ್ಲ, ಬಾವಿಲ್ಲ, ನೋಡಿದವರಿಗೆ ಗೊತ್ತಾಗುವುದೂ ಇಲ್ಲ. ನಡೆಯುವ ವಯಸ್ಸಿಗೆ ಕುಂಟು ಕಾಣಿಸಿಕೊಂಡಾಗ ಹೊತ್ತು ಮೀರಿರುತ್ತದೆ. ಅದಕ್ಕೇ ಹುಟ್ಟಿದ ಎರಡನೇ ದಿನ ತಪಾಸಣೆ ನರ್ಸು ಬಿಸಿನೀರಿನಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಪ್ರತಿ ಮಗುವಿನ ಮಂಡಿ ಮಡಚಿ, ತೊಡೆ ಅಗಲಿಸಿ, ಬೆರಳಿಗೆ ‘ಟೊಕ್’ ಎಂದು ಏನಾದರೂ ತಗಲುತ್ತದೆಯೇ ಎಂದು ನೋಡುತ್ತಾಳೆ. ತಗಲಿದರೆ ಸ್ಕ್ಯಾನು, ಸ್ಕ್ಯಾನಿನಲ್ಲಿ ಕಂಡರೆ ಬೆಲ್ಟು. ಹೆಗಲಿಗೆ ಎರಡು ಪಟ್ಟಿ, ಎದೆಗೆ ಒಂದು, ಅಲ್ಲಿಂದ ಇಳಿದು ಪುಟ್ಟ ಕಾಲುಗಳನ್ನು ಹಿಡಿದುಕೊಳ್ಳುವ ಎರಡೆರಡು. ಅದನ್ನು ಹಾಕಿದ ಮೇಲೆ ಕೂಸು ಕಪ್ಪೆಯ ಹಾಗೆ ಕಾಲು ಮಡಚಿ ಅಗಲಿಸಿಕೊಂಡೇ ಇರಬೇಕು, ಹಗಲೂ ರಾತ್ರಿ, ವಾರಗಟ್ಟಲೆ. ಗುಂಡು ಒಳಗೆ ಕೂತಷ್ಟು ಹೊತ್ತೂ ಬಟ್ಟಲು ಅದರ ಸುತ್ತ ಆಳವಾಗಿ ಬೆಳೆಯುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮ? ಈಗ ಮೂರು ದಿನ ಅಳುತ್ತೆ, ತಡ್ಕೊಳ್ಳಿ. ನಾಲ್ಕನೇ ದಿನ ತಾನಾಗೇ ಒಗ್ಗುತ್ತೆ’ ಎಂದು ಬೆಲ್ಟಕ್ಕ ಎಷ್ಟು ತಾಯಂದಿರಿಗೆ ಹೇಳಿದ್ದಳೋ ಲೆಕ್ಕವಿಲ್ಲ.

ಆದರೆ ಅವಳಿಗೆ ಆ ಹೆಸರು ಬಂದದ್ದು ಹೊಲಿಗೆಯಿಂದಲ್ಲ, ಓದಿನಿಂದ. ವಾರಕ್ಕೊಮ್ಮೆ ಪಟ್ಟಿ ಸರಿಪಡಿಸಲು ಕೂಸನ್ನು ಕರೆತಂದಾಗ ಅವಳು ಮಗುವಿನ ಮುಖಕ್ಕೆ ಮುಂಚೆ ಪಟ್ಟಿಯ ಮುಖ ನೋಡುವಳು. ಇಡೀ ದಿನ ಮೈಮೇಲಿದ್ದ ಪಟ್ಟಿಗೆ ಕುತ್ತಿಗೆಯ ಹತ್ತಿರ ಬೆವರಿನ ಹಳದಿ ಹತ್ತಿರುತ್ತದೆ, ಕಕ್ಕಿದ ಹಾಲಿನ ಹುಳಿ ವಾಸನೆ ಇರುತ್ತದೆ, ಬಕಲು ಕಚ್ಚಿದಲ್ಲಿ ಒಂದೇ ಒಂದು ಮಡಿಕೆ ಇರುತ್ತದೆ. ಬಿಚ್ಚಿ ಬಿಚ್ಚಿ ಹಾಕಿದ ಪಟ್ಟಿಗೆ ಮಡಿಕೆ ಮೂರು ನಾಲ್ಕು. ಒಬ್ಬ ಅಜ್ಜಿ ಒಮ್ಮೆ ಆಣೆ ಇಟ್ಟು ಹೇಳಿದಳು, ‘ಒಂದ್ಗಳಿಗೇನೂ ಬಿಚ್ಚಿಲ್ಲ ಕಣಮ್ಮ.’ ಬೆಲ್ಟಕ್ಕ ಪಟ್ಟಿಯನ್ನು ಮೂಗಿಗೆ ಹಿಡಿದು, ‘ಹೌದಾ ತಾಯಿ? ಹಾಗಾದ್ರೆ ನಿಮ್ಮ ಮೊಮ್ಮಗ ಬೆವರೋದೂ ಇಲ್ಲ, ಕಕ್ಕೋದೂ ಇಲ್ಲ. ಮಗು ಅಲ್ಲ ಬಿಡಿ ಇದು, ಕ್ಯಾಲೆಂಡರಿನ ಪಟ’ ಎಂದಳು. ಫೋಟೋ ತೆಗೆಸಲು ಎರಡು ದಿನ ಬಿಚ್ಚಿಟ್ಟಿದ್ದನ್ನು ಅಜ್ಜಿ ಅಲ್ಲೇ ಅಳುತ್ತಾ ಒಪ್ಪಿಕೊಂಡಳು. ಹೊಸ ನರ್ಸುಗಳಿಗೆ ಪಟ್ಟಿ ಓದುವುದನ್ನು ಕಲಿಸಿದವಳೂ ಬೆಲ್ಟಕ್ಕನೇ. ‘ಕೂಸು ಸುಳ್ಳು ಹೇಳಲ್ಲ, ಪಟ್ಟಿ ಸುಳ್ಳು ಹೇಳಲ್ಲ. ಹೇಳೋರು ಅಜ್ಜಿಯರು ಮಾತ್ರ’ ಎನ್ನುವುದು ಅವಳ ಮೊದಲ ಪಾಠ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ, ನೋಡಿ. ಬೆಲ್ಟಕ್ಕನ ಒಬ್ಬಳೇ ಮಗಳಿಗೆ ಹೆಣ್ಣುಮಗುವಾಯಿತು. ತಲೆ ಬರಬೇಕಾದಲ್ಲಿ ಕುಂಡೆ ಮುಂದಾಗಿ ಬಂತು. ಹಾಗೆ ಬಂದ ಕೂಸುಗಳ ಸೊಂಟದ ಮೇಲೆ ಡಾಕ್ಟರುಗಳಿಗೆ ಯಾವಾಗಲೂ ಒಂದು ಅನುಮಾನ. ಎರಡನೇ ದಿನ ನರ್ಸಿನ ಬೆರಳಿಗೆ ಏನೂ ತಗಲಲಿಲ್ಲ, ಆದರೂ ಆರನೇ ವಾರಕ್ಕೆ ಸ್ಕ್ಯಾನು ಬರೆದಳು. ಸ್ಕ್ಯಾನಿನಲ್ಲಿ ಎಡಗಡೆಯ ಗುಂಡು ಬಟ್ಟಲಿನ ಹೊರಗಿತ್ತು. ಮಗಳು ಅಲ್ಲೇ ಬೆಂಚಿನ ಮೇಲೆ ಕುಸಿದಳು. ಬೆಲ್ಟಕ್ಕ ಅವಳ ಬೆನ್ನು ತಟ್ಟಿ, ‘ಏ, ಅಳಬೇಡ್ವೇ. ಇದು ನನ್ನ ಇಲಾಖೆ. ನಾನಿದೀನಲ್ಲ’ ಎಂದಳು. ಆ ಮಾತು ಹೇಳುವಾಗ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಅಮ್ಮ ಮಗಳು ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಅಳಿಯ ಲಾರಿ ಡ್ರೈವರು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ನಲ್ಲಿ ಬತ್ತಿದವರ ಬೈಗುಳ ಕೇಳುವ ಕೆಲಸ. ಹೆರಿಗೆಗೆ ಮುಂಚಿನ ದಿನಗಳೂ ಸೇರಿ ಎರಡು ತಿಂಗಳ ಮೇಲೆ ಒಂದು ದಿನವೂ ರಜೆ ಇಲ್ಲ ಎಂದರು ಕಚೇರಿಯವರು. ಬೆಲ್ಟಕ್ಕ ತನ್ನ ಮೇಲಿನವರನ್ನು ಕಾಡಿ ಬೇಡಿ, ಹೊಲಿಗೆಯನ್ನು ಮನೆಗೇ ತಂದು ಮಾಡಲು ಒಪ್ಪಿಗೆ ಪಡೆದಳು. ಕಿಟಕಿಯ ಪಕ್ಕ ಮಿಷನ್ನು, ಮಿಷನ್ನಿನ ಪಕ್ಕ ಬುಟ್ಟಿ, ಬುಟ್ಟಿಯಲ್ಲಿ ಬೆಲ್ಟು ಹಾಕಿಕೊಂಡ ಮೊಮ್ಮಗಳು. ಅವಳಿಗೆ ಬೆಲ್ಟಕ್ಕನೇ ಇಟ್ಟ ಹೆಸರು ಕಪ್ಪೆಮರಿ.

ಮೊದಲ ಎರಡು ದಿನ ಮಗಳು ಮನೆಯಲ್ಲೇ ಇದ್ದಳು, ಹೇಗೋ ಕಳೆಯಿತು. ಮೂರನೇ ದಿನ ಅವಳು ಕೆಲಸಕ್ಕೆ ಹೋದಳು. ಅವಳು ಮೆಟ್ಟಿಲಿಳಿದಾಗ ಶುರುವಾದ ಅಳು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಬೆಲ್ಟಕ್ಕ ಹಾಲು ಕೊಟ್ಟಳು, ಬಟ್ಟೆ ಬದಲಿಸಿದಳು, ಹೆಗಲ ಮೇಲೆ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸುತ್ತು ಹೊಡೆದಳು. ಕೆಳಗಿನ ಸೈಕಲ್ ಅಂಗಡಿಯವನು ತಲೆ ಎತ್ತಿ, ‘ಏನಕ್ಕ, ಮಗೂಗೆ ಪಂಪು ಹೊಡೀತಿದೀರಾ?’ ಎಂದು ಕೂಗಿದ. ಅವಳಿಗೆ ನಗು ಬರಲಿಲ್ಲ. ಮೈಮೇಲೆ ಇರುವೆ ಹರಿದ ಹಾಗಾಗುತ್ತಿತ್ತು. ಎದುರಿಗೆ ಒಂದು ತಪ್ಪು ಕಾಣುತ್ತಿದೆ, ಅದನ್ನು ಸರಿಮಾಡಲು ಕೈಯಿದೆ, ಆದರೂ ಕೈ ಕಟ್ಟಿ ಕೂರಬೇಕು ಎಂದರೆ ಅದು ಅವಳ ಜನ್ಮಕ್ಕೇ ಆಗದ ಕೆಲಸ. ಕೂಸಿನ ಮುಖ ಕೆಂಪೇರಿ ಉಸಿರು ಸಿಕ್ಕಿಕೊಂಡಂತಾದಾಗ ಅವಳ ಬೆರಳು ಮುಂದಿನ ಪಟ್ಟಿಯ ಬಕಲಿಗೆ ಹೋಯಿತು. ಒಂದೇ ಒಂದು ನಿಮಿಷ ಎಂದುಕೊಂಡಳು.

ಕಾಲು ಬಿಡುಗಡೆಯಾದದ್ದೇ ತಡ, ಕಪ್ಪೆಮರಿ ಎರಡೂ ಕಾಲನ್ನು ನೆಟ್ಟಗೆ ಚಾಚಿ, ಬಿಕ್ಕಳಿಕೆಯ ನಡುವೆಯೇ ಅಜ್ಜಿಯ ಮುಖ ನೋಡಿ ನಕ್ಕಿತು. ಹುಟ್ಟಿದ ಮೇಲೆ ಯಾರನ್ನಾದರೂ ನೋಡಿ ನಕ್ಕದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷದ ವಿದ್ಯೆ ಆ ನಗುವಿಗೆ ಕೊಚ್ಚಿಹೋಯಿತು. ಅಸಲಿಗಿಂತ ಬಡ್ಡಿ ಮೇಲೆ ಪ್ರೀತಿ ಎನ್ನುತ್ತಾರಲ್ಲ, ಆ ಪ್ರೀತಿಯಲ್ಲಿ ಬುದ್ಧಿಗೆ ಜಾಗವಿಲ್ಲ. ಒಂದು ನಿಮಿಷ ಅರ್ಧ ಗಂಟೆಯಾಯಿತು. ಮಾರನೇ ದಿನ ಅರ್ಧ ದಿನ. ವಾರ ಕಳೆಯುವಷ್ಟರಲ್ಲಿ ಮಗಳ ಚಪ್ಪಲಿಯ ಸದ್ದು ಬೀದಿಯ ತಿರುವು ದಾಟಿದ ಕೂಡಲೇ ಬಕಲು ಬಿಚ್ಚುವುದು, ಸಂಜೆ ಆಕೆ ಬರುವ ಹೊತ್ತಿಗೆ ಹಾಕುವುದು ಎಂದಾಗಿಬಿಟ್ಟಿತು. ರಾತ್ರಿಯೆಲ್ಲ ಇರುತ್ತದಲ್ಲ, ಅಷ್ಟು ಸಾಲದೇ ಎಂದು ಅವಳು ತನಗೆ ತಾನೇ ವಾದ ಮಾಡಿಕೊಂಡಳು. ಬೇರೆ ಅಜ್ಜಿ ಯಾರಾದರೂ ಅದೇ ವಾದ ಹೂಡಿದ್ದರೆ ಅವಳ ಜನ್ಮ ಜಾಲಾಡುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ತಪಾಸಣೆಯ ದಿನ ಸಿಕ್ಕಿಬೀಳುತ್ತಿದ್ದಳು, ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ಆದರೆ ಪಟ್ಟಿಯಲ್ಲಿ ಏನೇನು ಹುಡುಕುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕುತ್ತಿಗೆಯ ಪಟ್ಟಿಗೆ ಹಾಲು ತೊಟ್ಟಿಕ್ಕಿಸಿ ಒಣಗಿಸಿದಳು. ತನ್ನದೇ ಕುತ್ತಿಗೆಯ ಬೆವರನ್ನು ಒರೆಸಿದಳು. ಪ್ರತಿ ಸಲವೂ ಬಕಲನ್ನು ಅದೇ ಹಳೆಯ ಮಡಿಕೆಯ ಮೇಲೆ ಕೂದಲೆಳೆ ತಪ್ಪದಂತೆ ಕೂರಿಸಿ ಉಗುರಿನಿಂದ ಒತ್ತಿದಳು. ವಾರದ ತಪಾಸಣೆಗೆ ಹೋದಾಗ ನರ್ಸು, ‘ನಿಮ್ಮ ಮನೆ ಪಟ್ಟೀನ ನಾನೇನು ಓದ್ಲಿ ಬೆಲ್ಟಕ್ಕ, ಗುರುಗಳಿಗೇ ಪರೀಕ್ಷೆನಾ?’ ಎಂದು ನಕ್ಕಳು. ಬೆಲ್ಟಕ್ಕನೂ ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೈ ಮಾತ್ರ ಪದೇ ಪದೇ ಆ ಪಟ್ಟಿಗೇ ಹೋಗುತ್ತಿತ್ತು.

ನಾಲ್ಕು ವಾರ ತುಂಬಿದ ಮೇಲೆ ದೊಡ್ಡ ಸ್ಕ್ಯಾನು. ಮಗಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮೂಳೆ ಡಾಕ್ಟರಮ್ಮ ಕಪ್ಪೆಮರಿಯ ಸೊಂಟಕ್ಕೆ ಜೆಲ್ಲು ಬಳಿದು, ಬೂದುಬಣ್ಣದ ಚಿತ್ರವನ್ನು ಬಹಳ ಹೊತ್ತು ನೋಡಿದರು, ಇನ್ನೊಮ್ಮೆ ನೋಡಿದರು. ಅವರು ಮಾತಿಲ್ಲದೆ ಪೆನ್ನಿನ ಮುಚ್ಚಳ ಕಚ್ಚಲು ಶುರುಮಾಡಿದರೆ ಸುದ್ದಿ ಚೆನ್ನಾಗಿಲ್ಲ ಎಂದು ಬೆಲ್ಟಕ್ಕನಿಗೆ ಗೊತ್ತು.

‘ಗುಂಡು ಇನ್ನೂ ಹೊರಗೇ ಇದೆ,’ ಎಂದರು ಡಾಕ್ಟರಮ್ಮ. ‘ಬೆಲ್ಟು ಪೂರ್ತಿ ಹೊತ್ತು ಹಾಕಿದ್ರಿ ತಾನೇ?’

‘ನಮ್ಮಮ್ಮ ನೋಡ್ಕೊಂಡಿದ್ದು ಮೇಡಂ,’ ಎಂದಳು ಮಗಳು. ‘ಅದರಲ್ಲಿ ಕೇಳೋದೇನಿದೆ!’

ಡಾಕ್ಟರಮ್ಮ ಪಟ್ಟಿಯ ಮಡಿಕೆ ನೋಡಿದರು, ತಲೆಯಾಡಿಸಿದರು. ‘ಅದೂ ನಿಜ, ಬೆಲ್ಟಕ್ಕನ ಕೈಲಿ ತಪ್ಪಾಗಲ್ಲ ಬಿಡಿ. ಹಾಗಾದ್ರೆ ಈ ಮಗೂಗೆ ಬೆಲ್ಟು ಹಿಡಿದಿಲ್ಲ ಅಂತ ಅರ್ಥ. ಇನ್ನೂ ಹಾಕಿಟ್ರೆ ಗುಂಡು ಬಟ್ಟಲಿನ ಅಂಚನ್ನೇ ಒತ್ತಿ ಕೆಡಿಸುತ್ತೆ. ಇವತ್ತೇ ತೆಗೆದುಬಿಡೋಣ. ಮುಂದಿನ ಬುಧವಾರ ಅರಿವಳಿಕೆ ಕೊಟ್ಟು, ಗುಂಡು ಒಳಗೆ ಸೇರಿಸಿ, ಎದೆಯಿಂದ ಪಾದದ ತನಕ ಪ್ಲಾಸ್ಟರು ಹಾಕ್ತೀನಿ. ಸೇರದಿದ್ರೆ ಕೊಯ್ಯಬೇಕಾಗುತ್ತೆ.’

ಆಗಲೇ ಬಾಯಿ ಬಿಡಬೇಕಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ತುಟಿ ಪಿಟಕ್ಕೆನ್ನದೆ ಕೂತಳು.

ಆಮೇಲಿನ ನಾಲ್ಕು ದಿನ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಮಿಷನ್ನನ್ನು ಬಿಚ್ಚಿ ಎಣ್ಣೆ ಹಾಕಿ ಜೋಡಿಸಿ, ಮತ್ತೆ ಬಿಚ್ಚಿದಳು. ಬೆಲ್ಟಿಲ್ಲದ ಕಪ್ಪೆಮರಿ ಬುಟ್ಟಿಯಲ್ಲಿ ಕಾಲು ಬಡಿದು ಆಡುತ್ತಿದ್ದರೆ ಅವಳಿಗೆ ಆ ಕಡೆ ನೋಡಲು ಆಗುತ್ತಿರಲಿಲ್ಲ. ಡಾಕ್ಟರಮ್ಮನ ಮಾತು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಬೆಲ್ಟು ಸೋತಿರಲಿಲ್ಲ, ಹಾಕಿಯೇ ಇರಲಿಲ್ಲ. ನಿಜ ಹೇಳಿದರೆ ಬೆಲ್ಟಿಗೆ ಇನ್ನೊಂದು ಅವಕಾಶ ಉಂಟು, ಹೇಳದಿದ್ದರೆ ಬುಧವಾರ ಕೂಸಿನ ಮೂಗಿಗೆ ಅರಿವಳಿಕೆ. ಹೇಳಿದರೆ ಮಗಳು ಮತ್ತೆ ತನ್ನ ಮುಖ ನೋಡುವಳೇ?

ಮಗಳೋ, ಪ್ರತಿ ಸಂಜೆ ಒಂದೇ ಮಾತು. ‘ಬಸುರಿಯಾಗಿದ್ದಾಗ ಬಸ್ಸಲ್ಲಿ ನಿಂತ್ಕೊಂಡೇ ಓಡಾಡ್ದೆ, ಅದಕ್ಕೇ ಹೀಗಾಯ್ತೇನಮ್ಮ? ನಾನು ಬೇಗ ಕೆಲಸಕ್ಕೆ ಹೋಗ್ಬಾರದಿತ್ತೇನೋ.’ ಬೆಲ್ಟಕ್ಕ, ‘ಸುಮ್ನಿರೇ, ನಿಂದೇನೂ ತಪ್ಪಿಲ್ಲ’ ಎನ್ನುವಳು. ಅಷ್ಟು ಹೇಳಿ ಮತ್ತೆ ಪೊರಕೆ ಹಿಡಿಯುವಳು.

ಸೋಮವಾರ, ಹೊಲಿದು ಮುಗಿಸಿದ ಪಟ್ಟಿಗಳನ್ನು ಕೊಡಲು ಅವಳು ಕೂಸನ್ನೂ ಎತ್ತಿಕೊಂಡು ಶೆಡ್ಡಿಗೆ ಹೋದಳು. ಮೇಸ್ತ್ರಿ ಅವಳತ್ತ ನೋಡದೆ ಒಂದು ಚೀಟಿ ಮುಂದೆ ಮಾಡಿದ. ಬುಧವಾರದ ಪ್ಲಾಸ್ಟರಿಗೆ ಒಳಗೆ ಹಾಕುವ ಮೆತ್ತನೆಯ ಬಟ್ಟೆ ಬೇಕು, ಎದೆಸುತ್ತು ಇಷ್ಟು, ತೊಡೆಸುತ್ತು ಇಷ್ಟು, ವಯಸ್ಸು ಹನ್ನೊಂದು ವಾರ. ‘ನಿಮ್ಮದೇ ಮಗು ಅಂತ ಗೊತ್ತು ಅಕ್ಕ. ಬೇರೆಯವರು ಕತ್ತರಿಸಿದ್ರೆ ನಿಮಗೆ ಸರಿಬರಲ್ಲ ಅಂತ ನಿಮಗೇ ಇಟ್ಟೆ’ ಎಂದ, ಒಳ್ಳೆಯ ಮನಸ್ಸಿನಿಂದಲೇ. ಬೆಲ್ಟಕ್ಕ ಕೂಸನ್ನು ಮೇಜಿನ ಮೇಲೆ ಮಲಗಿಸಿ, ಬಟ್ಟೆ ಹಾಸಿ, ಕತ್ತರಿ ತೆಗೆದಳು. ಬಟ್ಟೆಯ ಮೇಲೆ ಕತ್ತರಿ ಇಟ್ಟಳು, ಎತ್ತಿದಳು, ಮತ್ತೆ ಇಟ್ಟಳು. ಆಮೇಲೆ ಕತ್ತರಿ ಅಲ್ಲೇ ಬಿಟ್ಟು, ಕೂಸನ್ನು ಬಾಚಿಕೊಂಡು, ಮೇಸ್ತ್ರಿ ‘ಅಕ್ಕಾ, ಅಕ್ಕಾ’ ಎನ್ನುತ್ತಿದ್ದಂತೆಯೇ ಬೀದಿಗೆ ಬಿದ್ದಳು.

ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ನಡೆದೇ ಹೋದಳು. ನೀರು ಕಚೇರಿಯ ದೂರು ಕೌಂಟರಿನ ಮುಂದೆ ಹನ್ನೆರಡು ಜನರ ಸಾಲು. ಬೆಲ್ಟಕ್ಕ ಸಾಲಿನ ಕೊನೆಯಲ್ಲಿ ನಿಂತಳು. ನುಗ್ಗಿ ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಒಬ್ಬೊಬ್ಬರು ಮುಂದೆ ಸರಿದ ಹಾಗೂ ಅವಳ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಕೊನೆಗೆ ಜಾಲರಿಯ ಹಿಂದೆ ಮಗಳ ಮುಖ ಕಂಡಿತು.

‘ಅಮ್ಮಾ! ಏನಾಯ್ತು? ಮಗು—’

‘ಮಗು ಚೆನ್ನಾಗಿದೆ. ಒಂದು ದೂರು ಕೊಡಬೇಕು.’

‘ಏನಮ್ಮ ಇದು ತಮಾಷೆ, ಹಿಂದೆ ಜನ ಕಾಯ್ತಿದಾರೆ. ಯಾರ ಮೇಲೆ ದೂರು?’

‘ನನ್ನ ಮೇಲೆ,’ ಎಂದಳು ಬೆಲ್ಟಕ್ಕ. ‘ಬೆಲ್ಟು ಬಿಚ್ತಿದ್ದೆ. ದಿನಾ.’

ಮಗಳ ಕೈಯಲ್ಲಿದ್ದ ಮೊಹರು ಗಾಳಿಯಲ್ಲೇ ನಿಂತಿತು. ‘ಎಷ್ಟು ಹೊತ್ತು?’

‘ನೀನು ಹೋದಾಗಿಂದ ಬರೋ ತನಕ. ಅಳ್ತಿತ್ತು ಕಣೇ, ನೋಡೋಕಾಗ್ಲಿಲ್ಲ. ಪಟ್ಟಿ ಮೇಲಿನ ಹಾಲು, ಬೆವರು, ಎಲ್ಲ ನಾನೇ ಬಳಿದಿದ್ದು. ಯಾರಿಗೂ ಗೊತ್ತಾಗ್ಬಾರ್ದು ಅಂತ.’

ಹಿಂದಿನವನು, ‘ರೀ, ನಿಮ್ಮ ಮನೆ ಕಥೆ ಮನೇಲಿಟ್ಕೊಳ್ಳಿ, ನಮ್ಮ ಬೀದೀಲಿ ಮೂರು ದಿನದಿಂದ ನೀರಿಲ್ಲ’ ಎಂದು ಕೂಗಿದ. ಮಗಳು ಎದ್ದು ಕೌಂಟರಿನ ಕಿಟಕಿಯನ್ನು ಧಡ್ಡೆಂದು ಮುಚ್ಚಿ, ಪಕ್ಕದ ಬಾಗಿಲಿನಿಂದ ಹೊರಗೆ ಬಂದಳು. ಅಮ್ಮನ ತೋಳಿನಿಂದ ಮಗುವನ್ನು ಕಿತ್ತುಕೊಂಡಳು.

‘ನಾನೇನು ತಪ್ಪು ಮಾಡ್ದೆ, ನಾನೇನು ತಪ್ಪು ಮಾಡ್ದೆ ಅಂತ ನಾಲ್ಕು ದಿನದಿಂದ ಸಾಯ್ತಿದೀನಿ,’ ಎಂದಳು. ‘ನೀನು ಪಕ್ಕದಲ್ಲಿ ಕೂತು ಕೇಳಿಸ್ಕೋತಿದ್ದೆ.’ ಅಷ್ಟು ಹೇಳಿ ಆಸ್ಪತ್ರೆಯ ಕಡೆ ನಡೆದಳು. ಬೆಲ್ಟಕ್ಕ ಹತ್ತು ಹೆಜ್ಜೆ ಹಿಂದೆ ನಡೆದಳು.

ಡಾಕ್ಟರಮ್ಮ ಎಲ್ಲ ಕೇಳಿ ಪೆನ್ನನ್ನು ಮೇಜಿನ ಮೇಲಿಟ್ಟರು. ‘ಬೇರೆ ಯಾರಾದ್ರೂ ಆಗಿದ್ರೆ ನಾನು ಪಟ್ಟಿ ನೋಡಿ ಕಂಡುಹಿಡೀತಿದ್ದೆ’ ಎಂದರು.

‘ಬೇರೆ ಯಾರಾದ್ರೂ ಆಗಿದ್ರೆ ನಾನೇ ಕಂಡುಹಿಡೀತಿದ್ದೆ ಮೇಡಂ,’ ಎಂದಳು ಬೆಲ್ಟಕ್ಕ.

ಬುಧವಾರದ ಪ್ಲಾಸ್ಟರು ಮುಂದಕ್ಕೆ ಹೋಯಿತು. ಮೂರು ವಾರ, ಒಂದು ಗಂಟೆಯೂ ಬಿಚ್ಚದೆ ಬೆಲ್ಟು, ಪ್ರತಿ ವಾರ ಸ್ಕ್ಯಾನು. ಆಗಲೂ ಗುಂಡು ಹೊರಗಿದ್ದರೆ ಪ್ಲಾಸ್ಟರೇ ಗತಿ, ಮೂರನೇ ಅವಕಾಶ ಇಲ್ಲ ಎಂದರು ಡಾಕ್ಟರಮ್ಮ. ಮಗಳು ಕಚೇರಿಯವರ ಹತ್ತಿರ ಜಗಳವಾಡಿ ರಜೆ ಹಾಕಿದಳು. ಅಮ್ಮನಿಗೆ, ‘ನೀನು ಮಗೂನ ಮುಟ್ಟಬೇಡ’ ಎಂದು ಒಂದೇ ಮಾತು ಹೇಳಿ ಮಾತು ಬಿಟ್ಟಳು. ಬೆಲ್ಟಕ್ಕ ಮತ್ತೆ ಶೆಡ್ಡಿಗೆ ಹೋಗತೊಡಗಿದಳು. ವಿಷಯ ಅಲ್ಲಿಗೂ ಮುಟ್ಟಿತ್ತು. ತಾಯಂದಿರಿಗೆ ಬುದ್ಧಿ ಹೇಳಲು ಬಾಯಿ ತೆರೆದರೆ ಪಕ್ಕದ ಮಿಷನ್ನುಗಳು ನಿಲ್ಲುತ್ತಿದ್ದವು. ಅವಳು ಬಾಯಿ ಮುಚ್ಚಿಕೊಂಡು ಹೊಲಿದಳು.

ಸಂಜೆ ಮನೆಗೆ ಬಂದರೆ ಅದೇ ಅಳು. ಅವಳು ಒಳಗೆ ಹೋಗಲಾರದೆ ಮೆಟ್ಟಿಲಿಳಿದು ಬೀದಿಯ ತುದಿಯವರೆಗೆ ನಡೆದು ವಾಪಸು ಬರುವಳು, ಮತ್ತೆ ಹೋಗುವಳು. ಸೈಕಲ್ ಅಂಗಡಿಯವನು ಕೂಡ ಕೀಟಲೆ ಮಾಡುವುದನ್ನು ಬಿಟ್ಟು ಒಂದು ಸ್ಟೂಲು ಹೊರಗಿಟ್ಟ. ನಾಲ್ಕನೇ ಸಂಜೆ ಮೇಲಿನಿಂದ ಸದ್ದೇ ಇರಲಿಲ್ಲ. ಮೆಟ್ಟಿಲು ಹತ್ತಿ ಇಣುಕಿದಳು. ಕಪ್ಪೆಮರಿ ಬೆಲ್ಟಿನೊಳಗೆ ಕಾಲು ಮಡಚಿಕೊಂಡು ತನ್ನ ಮುಷ್ಟಿಯನ್ನೇ ನೆಕ್ಕುತ್ತಾ ಮಲಗಿತ್ತು. ಒಗ್ಗಿತ್ತು. ತಾನು ಇನ್ನೊಂದೇ ಒಂದು ದಿನ ತಡೆದುಕೊಂಡಿದ್ದರೆ ಆಗುತ್ತಿತ್ತು ಎಂದು ಬೆಲ್ಟಕ್ಕನಿಗೆ ಹೊಳೆಯಿತು. ಅವಳು ಹೊಸ್ತಿಲ ಮೇಲೇ ಕೂತುಬಿಟ್ಟಳು.

ಮೊದಲ ವಾರದ ಸ್ಕ್ಯಾನಿನ ಸುದ್ದಿ ಅವಳಿಗೆ ಯಾರೂ ಹೇಳಲಿಲ್ಲ. ಎರಡನೆಯದನ್ನು ನರ್ಸು ಗುಟ್ಟಾಗಿ ಹೇಳಿದಳು, ‘ಸ್ವಲ್ಪ ಒಳಗೆ ಸರಿದಿದೆ, ಆದ್ರೆ ಡಾಕ್ಟರಮ್ಮ ಏನೂ ಹೇಳ್ತಿಲ್ಲ.’ ಮೂರನೇ ವಾರ ಅವಳು ಶೆಡ್ಡು ಬಿಟ್ಟು ಸ್ಕ್ಯಾನು ಕೋಣೆಯ ಹೊರಗೆ ಬಂದು ನಿಂತಳು. ಮಗಳು ಅವಳನ್ನು ಒಳಗೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ಬಾಗಿಲು ಮುಚ್ಚಿತು. ಬೆಲ್ಟಕ್ಕ ಆ ಉದ್ದದ ಹಜಾರವನ್ನು ಎಷ್ಟು ಸಲ ಅಳೆದಳೋ. ಕಾಯುತ್ತಿದ್ದ ಒಬ್ಬಾತ, ‘ಕೂತ್ಕೊಳ್ರೀ, ನೋಡೋರಿಗೆ ತಲೆ ಸುತ್ತುತ್ತೆ’ ಎಂದ. ಅವಳಿಗೆ ಕೇಳಿಸಲಿಲ್ಲ.

ಬಾಗಿಲು ತೆರೆಯಿತು. ಮಗಳ ಕಣ್ಣು ಕೆಂಪಾಗಿದ್ದವು.

‘ಕೂತಿದೆ,’ ಎಂದಳು ಮಗಳು. ‘ಗುಂಡು ಒಳಗೆ ಕೂತಿದೆ. ಪ್ಲಾಸ್ಟರು ಬೇಡವಂತೆ. ಬಟ್ಟಲು ಗಟ್ಟಿಯಾಗೋಕೆ ಬೆಲ್ಟು ಇನ್ನೂ ಏಳು ವಾರ ಇರಬೇಕಂತೆ.’

ಬೆಲ್ಟಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡಳು.

‘ಸೋಮವಾರದಿಂದ ನಾನು ಕೆಲಸಕ್ಕೆ ಹೋಗ್ಬೇಕು,’ ಎಂದಳು ಮಗಳು. ‘ಹಗಲು ನೀನೇ ನೋಡ್ಕೋಬೇಕು.’

‘ನನ್ನ ಮೇಲೆ ನಂಬಿಕೆ ಇದ್ಯೇನೇ ನಿಂಗೆ?’

‘ಇಲ್ಲ,’ ಎಂದಳು ಮಗಳು, ಒಂದು ಕ್ಷಣವೂ ತಡೆಯದೆ. ‘ನಂಬಿಕೆ ಇಲ್ಲ. ಆದ್ರೆ ನಿನ್ನ ಬಿಟ್ರೆ ನಂಗ್ಯಾರಿದಾರೆ ಹೇಳಮ್ಮ?’

ಅಷ್ಟಂದು ಅವಳು ಕೂಸನ್ನು ಅಮ್ಮನ ತೋಳಿಗೆ ಹಾಕಿದಳು. ಮೂರು ವಾರದ ಮೇಲೆ ಮೊದಲ ಸಲ ಮೊಮ್ಮಗಳನ್ನು ಎತ್ತಿಕೊಂಡ ಬೆಲ್ಟಕ್ಕ, ಹಜಾರದಲ್ಲಿದ್ದ ಅಷ್ಟೂ ಜನರ ಎದುರಿಗೆ, ಗೊಳೋ ಎಂದು ಅತ್ತುಬಿಟ್ಟಳು.